ಅನಸೇನಿ ಹೇಳಿದ ಒಂದು ವಾರ

ಪೆಸಿಫಿಕ್ ಸಾಗರದ ಟೋಂಗಾ ದೇಶದ ಹಾಪೈ ದ್ವೀಪಗಳಲ್ಲಿ ಅನಸೇನಿಯಷ್ಟು ಒತ್ತಾಗಿ ಚಾಪೆ ಹೆಣೆಯುವವರು ಇರಲಿಲ್ಲ. ಅವಳ ಮಗಳು ಫೂಸಿಗೆ ಐದು ತುಂಬುವ ಹೊತ್ತಿಗೇ ಎರಡೂ ಕಿವಿ ಸೋರತೊಡಗಿದ್ದವು. ಅದನ್ನು ಯಾರೂ ಕಾಯಿಲೆ ಎನ್ನಲಿಲ್ಲ. ಕಡಲಲ್ಲಿ ಹೊರಳಾಡುವ ಮಕ್ಕಳಿಗೆ ಕಿವಿ ಸೋರುವುದು ಹಾಲುಹಲ್ಲು ಬಿದ್ದಷ್ಟೇ ಸಹಜ. ಅನಸೇನಿ ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಟ್ಟು ಸುಮ್ಮನಾಗುತ್ತಿದ್ದಳು.

ಎರಡು ವರ್ಷವಾದರೂ ನಿಲ್ಲದಾಗ ಗಂಡನ ಅಕ್ಕ ಲೋಸಲೀನ ಬಂದಳು. ಆ ಮನೆಯಲ್ಲಿ ಅವಳ ಮಾತಿಗೆ ಎದುರಾಡುವವರಿಲ್ಲ.

"ಇದು ಎಣ್ಣೆಗೆ ಬಗ್ಗೋದಲ್ಲ ಕಣೇ. ನಮ್ಮಪ್ಪನ ಗೋರೀಲಿ ಬೇರು ನುಗ್ಗಿರ್ಬೇಕು. ಸತ್ತೋರ ಬುರುಡೆಗೆ ಬೇರು ಚುಚ್ಚಿದ್ರೆ ಮೊಮ್ಮಕ್ಕಳಿಗೆ ನೋವು."

ಗೋರಿ ಅಗೆದರು. ಬೇರು ಸಿಕ್ಕಿಯೇ ಸಿಕ್ಕಿತು. ಕಿತ್ತೆಸೆದು, ಎಲುಬಿಗೆ ಎಣ್ಣೆ ಸವರಿ ಮತ್ತೆ ಮಣ್ಣು ಮಾಡಿದರು. ಕೀವು ನಿಂತಿತು, ಒಂದು ತಿಂಗಳ ಮಟ್ಟಿಗೆ.

ಆಮೇಲೆ ಶಾಲೆಗೆ ದೋಣಿಯಲ್ಲಿ ನರ್ಸ್ ಬಂದಳು. "ಎಷ್ಟು ದಿನದಿಂದ ಸೋರ್ತಿದೆ?" ಎಂದು ಕೇಳಿದಳು. ಪಕ್ಕದಲ್ಲೇ ಲೋಸಲೀನ ಕೂತಿದ್ದಳು. ಎರಡು ವರ್ಷ ಎಂದರೆ ಗೋರಿ ಅಗೆದದ್ದು ವ್ಯರ್ಥವಾಯಿತೆಂದು ಅವಳಿಗೆ ಅವಮಾನ, ತಾನೂ ಕೆಟ್ಟ ತಾಯಿ ಎನಿಸಿಕೊಳ್ಳಬೇಕು.

"ಒಂದ್ ವಾರ ಆಗಿರ್ಬೇಕು, ಅಷ್ಟೆ," ಎಂದಳು ಅನಸೇನಿ.

ನರ್ಸ್ ಅದನ್ನೇ ಬರೆದುಕೊಂಡು ಹನಿ ಔಷಧಿ ಕೊಟ್ಟು, "ಮತ್ತೆ ಸೋರಿದ್ರೆ ಆಸ್ಪತ್ರೆಗೆ ಕರ್ಕೊಂಡ್ ಬನ್ನಿ" ಎಂದು ಹೋದಳು. ಮತ್ತೆ ಸೋರಿತು. ಅನಸೇನಿ ಹೋಗಲಿಲ್ಲ.

ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು ಚರ್ಚಿನಲ್ಲಿ ಬೈಬಲ್ ವಚನ ಹೇಳುವ ಮಕ್ಕಳ ಭಾನುವಾರ ಬಂತು. ಪಾದ್ರಿ ಮೂರು ಸಲ ಹೆಸರು ಕೂಗಿದರೂ ಬಿಳಿ ಫ್ರಾಕಿನ ಫೂಸಿ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದಳು. ಜನ ನಕ್ಕರು. ಅನಸೇನಿ ಅವಳನ್ನು ಹಿತ್ತಲಿಗೆ ಎಳೆದೊಯ್ದು ಕೆನ್ನೆಗೆ ಬಾರಿಸಿದಳು.

"ಹೇಳಿದ್ ಮಾತು ಕೇಳಲ್ವಾ? ದೇವ್ರು ಕಿವಿ ಯಾಕೆ ಕೊಟ್ಟಿದಾನೆ ನಿಂಗೆ?"

ಹುಡುಗಿ ಅಳಲಿಲ್ಲ. ತಾಯಿಯ ತುಟಿಗಳನ್ನೇ ನೋಡುತ್ತಿದ್ದಳು.

ಮರುವರ್ಷ ನರ್ಸ್ ಕಿವಿ ಪರೀಕ್ಷಿಸುವ ಯಂತ್ರದೊಂದಿಗೆ ಬಂದಳು. "ಎರಡೂ ಕಿವಿಯ ತಮಟೆ ತೂತಾಗಿದೆ. ಅರ್ಧಕ್ಕರ್ಧ ಕೇಳಿಸಲ್ಲ," ಎಂದವಳು ಹಳೆಯ ಚೀಟಿ ತಿರುವಿ, "ಒಂದೇ ವಾರ ಅಂದಿದ್ರಲ್ಲ?" ಎಂದಳು.

ರಾಜಧಾನಿಯಲ್ಲಿ ಆಪರೇಷನ್ ಆಗಿ ಒಂದು ಕಿವಿ ಸ್ವಲ್ಪ ಸುಧಾರಿಸಿತು. ಇನ್ನೊಂದಕ್ಕೆ ಶ್ರವಣ ಯಂತ್ರ ಸಿಕ್ಕಿಸಿದರು. ಅನಸೇನಿ ಹಿಂದಿನಿಂದ ಕರೆದಾಗ ಫೂಸಿ ಬೆರಗಾಗಿ ತಿರುಗಿದಳು.

"ಅಮ್ಮ, ನೀನು ಹಿಂದಿನಿಂದ ಕರೆದ್ರೂ ಕೇಳ್ಸತ್ತೆ! ಎಲ್ರೂ ಬಾಯಿ ನೋಡ್ಕೊಂಡೇ ತಿಳ್ಕೊಳ್ಳೋದು ಅಂದ್ಕೊಂಡಿದ್ದೆ."

"ನಾನು ನಿಂಗೆ ಹೊಡೆದ್ನಲ್ಲ ಮಗಾ..."

"ಹೂಂ, ಬಿಳಿ ಫ್ರಾಕ್ ಹಾಕಿದ್ದಿನ. ಯಾಕೆ ಅಂತ ಗೊತ್ತಾಗ್ಲಿಲ್ಲ."

ಊರಿಗೆ ಬಂದ ಮೇಲೆ ಅನಸೇನಿ ಚಾಪೆ ಹೆಣೆಯುವ ಹೆಂಗಸರ ನಡುವೆ ಎಲ್ಲವನ್ನೂ ಹೇಳಿಬಿಟ್ಟಳು. ಲೋಸಲೀನಳ ಮುಖ ಕೆಂಪಾಯಿತು.

"ಹಾಗಾದ್ರೆ ನಮ್ಮಪ್ಪನ ಗೋರಿ ಅಗೆದಿದ್ದು ಸುಳ್ಳಾ?"

"ಸುಳ್ಳು ಹೇಳಿದ್ದು ನಾನು ಅಕ್ಕ. ಆ ನರ್ಸಿಗೆ."

ಚಾಪೆ ಹೆಣೆಯುತ್ತಿದ್ದ ಕಲೊಲೈನ್ ಎಂಬವಳು ತನ್ನ ಮಗುವನ್ನು ಹತ್ತಿರ ಎಳೆದು ಕಿವಿ ಮೂಸಿ, "ಆಸ್ಪತ್ರೆಗೆ ದೋಣಿ ಯಾವತ್ತು?" ಎಂದಳು.

ಆ ದೋಣಿಯಲ್ಲಿ ಮೂರು ಮಕ್ಕಳು ಹೋದರು, ಜೊತೆಗೆ ಅನಸೇನಿಯೂ. "ಪುಣ್ಯದ ಕೆಲಸ ಮಾಡಿದೆ" ಎಂದು ತಾಯಂದಿರು ಹೊಗಳಿದಾಗ ಅವಳು ಮುಖ ತಿರುಗಿಸಿ ಕಡಲು ನೋಡುತ್ತ ಕೂತಳು.