ಪಕ್ಕೆ ಹಾರಿದ ಬೆಳಗ್ಗೆ

ಮಗುವನ್ನು ಉಳಿಸಿದ್ದು ನಾನಂತೆ. ಮನೆಯವರು ಹೇಳುವ ಕಥೆ ಹೀಗಿದೆ: ಅಕ್ಕನ ನಾಲ್ಕು ತಿಂಗಳ ಮಗಳಿಗೆ ಉಸಿರಾಟ ಕೆಟ್ಟಿತು, ಅಜ್ಜಿ ಹೊಟ್ಟೆಗೆ ಬರೆ ಹಾಕಿಸಲು ಹೊರಟಳು, ಲಾ ಓದುತ್ತಿದ್ದ ನಾನು ಅಡ್ಡ ನಿಂತೆ, ತುಮಕೂರಿನ ಆಸ್ಪತ್ರೆಗೆ ಸಾಗಿಸಿದೆ. ಕುಣಿಗಲ್‌ನಲ್ಲಿ ಭಾವ ತನ್ನ ಕಡೆಯವರಿಗೆಲ್ಲ ಇದನ್ನೇ ಹೇಳುತ್ತಾನೆ, ಗುಬ್ಬಿಯಲ್ಲಿ ಅಮ್ಮ ಹೇಳುತ್ತಾಳೆ. ಒಂದೊಂದು ವಾಕ್ಯವೂ ನಿಜ. ಆದರೆ ಬರೀ ನಿಜವಾದ ವಾಕ್ಯಗಳನ್ನು ಜೋಡಿಸಿಯೇ ಸುಳ್ಳು ಹೇಳಬಹುದು. ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ವಿದ್ಯೆ ಅದು. ಈ ಕಥೆಯಲ್ಲಿ ಒಂದು ಇಡೀ ದಿನ ಕಾಣೆಯಾಗಿದೆ.

ಅಕ್ಕ ಬಾಣಂತನಕ್ಕೆ ಗುಬ್ಬಿಯ ನಮ್ಮ ಮನೆಗೆ ಬಂದಿದ್ದಳು. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಕೆಲಸ ಅಮ್ಮನ ಅಮ್ಮನದು, ಅಂದರೆ ಅಜ್ಜಿಯದು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಆ ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು ತಿಕ್ಕುವಳು. ಆಮೇಲೆ ಅದು ನಮ್ಮ ಕೈಗೆ ಬರುವಾಗ ಟೋಪಿ, ಸ್ವೆಟರ್, ಮೇಲೊಂದು ಹಳೇ ಸೀರೆಯ ತುಂಡು ಸುತ್ತಿ, ಕಣ್ಣು ಮೂಗು ಮಾತ್ರ ಕಾಣುವ ಗಂಟಾಗಿರುತ್ತಿತ್ತು. ಮಗುವಿನ ಬರಿ ಎದೆ, ಬರಿ ಹೊಟ್ಟೆಯನ್ನು ಬೆಳಕಿನಲ್ಲಿ ದಿನಾ ನೋಡುತ್ತಿದ್ದವಳು ಅಜ್ಜಿಯೊಬ್ಬಳೇ.

ಮಗುವಿಗೆ ಎರಡು ದಿನದಿಂದ ನೆಗಡಿ, ಕೆಮ್ಮು ಇತ್ತು. ಮೂರನೆಯ ಬೆಳಗ್ಗೆ ಅಜ್ಜಿ ನೀರು ಹಾಕದೆಯೇ, ಎಣ್ಣೆ ಮೈಯ ಮಗುವನ್ನು ಎತ್ತಿಕೊಂಡು ಬಚ್ಚಲಿಂದ ಎದ್ದು ಬಂದಳು.

"ಪಕ್ಕೆ ಹಾರ್ತಾ ಐತೆ ಕಣೇ," ಎಂದಳು ಅಕ್ಕನಿಗೆ. "ಉಸ್ರು ಎಳ್ದಾಗೆಲ್ಲ ಇಲ್ಲಿ ಗುಳಿ ಬೀಳ್ತೈತೆ."

ಅಷ್ಟಕ್ಕೆ ನಿಲ್ಲಿಸಲಿಲ್ಲ. "ಕುಣಿಗಲ್ ಕಡೆ ಒಬ್ಬ ಅವ್ನೆ. ಅರಿಶಿನದ ಕೊಂಬು ಕಾಯ್ಸಿ ಚುರ್ ಅನ್ನಿಸ್ತಾನೆ, ಎಲ್ಡೇ ಎಲ್ಡು ಕಡೆ. ನಿಮ್ಮವ್ವಂಗೂ ಹಾಕ್ಸಿದ್ದೆ."

"ಮಗೂಗೆ ಬೆಂಕಿ ಇಟ್ರೆ ಜೈಲು ಅಜ್ಜಿ, ಗೊತ್ತಾ?" ಎಂದೆ ನಾನು.

"ಬಂದ್ಲು ನೋಡು ಲಾಯರಮ್ಮ! ನಿಮ್ಮವ್ವ ಬದುಕಿಲ್ವೇನೇ? ಹೊಟ್ಟೆ ಮೇಲೆ ಕಲೆ ಐತೆ, ಅವ್ಳು ಮನೆಗ್ ಬಂದ್ಮೇಲೆ ನೋಡು."

ಅಜ್ಜಿಯ ಮೊದಲ ಗಂಡುಮಗು ಬರೆ ಹಾಕಿಸಿದರೂ ಎಂಟು ತಿಂಗಳಿಗೇ ಹೋಗಿತ್ತು ಎಂದು ಅಮ್ಮ ಯಾವಾಗಲೋ ಹೇಳಿದ್ದಳು. ಅದು ನನ್ನ ಕೈಯಲ್ಲಿತ್ತು. ಬಳಸಿದೆ.

"ಬದುಕಿರೋರು ಕಲೆ ತೋರಿಸ್ತಾರೆ. ಸತ್ತೋರು ಬಂದು ತೋರಿಸ್ತಾರಾ? ನಿನ್ನ ಹಿರಿ ಮಗಂಗೂ ಹಾಕ್ಸಿದ್ಯಲ್ಲ, ಅವ್ನೆಲ್ಲಿ?"

ವೇದಿಕೆಯಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಅಜ್ಜಿ ಮಗುವಿಗೆ ಒಂದೊಂದಾಗಿ ಬಟ್ಟೆ ಸುತ್ತಿ ಅಕ್ಕನ ಕೈಗಿಟ್ಟಳು. ಕಾಯಿಸಿದ್ದ ನೀರನ್ನು ಹಿತ್ತಲಿಗೆ ಚೆಲ್ಲಿದಳು.

"ಡಾಕ್ಟ್ರಿಗಾದ್ರೂ ತೋರಿಸೋಣ್ವಾ?" ಅಕ್ಕ ಕೇಳಿದಳು.

"ಜ್ವರಾನೇ ಇಲ್ಲ. ವೈರಲ್ ಕಣೇ, ತಾನಾಗೇ ಹೋಗತ್ತೆ. ಅಜ್ಜಿ ಮಾತು ಕೇಳ್ಕೊಂಡು ಹೆದರ್ಬೇಡ," ಎಂದು ಮೊಬೈಲಿನಲ್ಲಿ ಒಂದು ಪುಟ ತೆಗೆದು ತೋರಿಸಿದೆ.

ಅದೇ ಪುಟದ ಕೆಳಗೆ, ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಎಳೆಯುತ್ತಿದ್ದರೆ ತಡಮಾಡಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಓದಿದ್ದೆ. ಹತ್ತು ನಿಮಿಷದ ಹಿಂದೆ ಅಜ್ಜಿ ಅದನ್ನೇ ಕನ್ನಡದಲ್ಲಿ ಹೇಳಿದ್ದಳು. ಎರಡೂ ಒಂದೇ ಎಂದು ನನಗೆ ಹೊಳೆಯಲಿಲ್ಲ. ಬರೆ ತಪ್ಪು, ಅದರಲ್ಲಿ ಇವತ್ತಿಗೂ ಎರಡು ಮಾತಿಲ್ಲ. ಆದರೆ ಮದ್ದು ತಪ್ಪಾದ ಮಾತ್ರಕ್ಕೆ ಕಂಡದ್ದೂ ತಪ್ಪಾಗುತ್ತದೆಯೇ? ತೀರ್ಪುಗಾರಳಾಗಿ ಕೂತಾಗ ಜೂನಿಯರ್‌ಗಳ ಇಂಥ ವಾದಕ್ಕೆ ನಾನೇ ಅಂಕ ಕಳೆದಿದ್ದೇನೆ. ಆ ದಿನ ಮಗುವಿನ ಸ್ವೆಟರನ್ನು ಎತ್ತಿ ನೋಡುವಷ್ಟೂ ನನಗೆ ಅನುಮಾನ ಬರಲಿಲ್ಲ. ಎಲ್ಲವನ್ನೂ ಅನುಮಾನಿಸುವವಳು ನಾನು!

ಮರುದಿನ ಬೆಳಗ್ಗೆ ಮಗು ಹಾಲು ಬಿಟ್ಟಿತು. ಎರಡು ಸಲ ಚೀಪುವುದು, ಬಿಡುವುದು, ಏದುಸಿರು. ತುಟಿಯ ಸುತ್ತ ಸ್ಲೇಟಿನ ಬಣ್ಣ. ಆಗ ಯಾರೂ ವಾದ ಮಾಡಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ತುಮಕೂರಿಗೆ ಹೊರಟೆವು. ಯಾರೂ ಕರೆಯದಿದ್ದರೂ ಅಜ್ಜಿ ಬಂದು ಮುಂದಿನ ಸೀಟಿನಲ್ಲಿ ಕೂತಳು.

ಡಾಕ್ಟರು ಒಂದೊಂದೇ ಸುತ್ತು ಬಿಚ್ಚಿದರು. ಉಸಿರು ಎಳೆದಾಗಲೆಲ್ಲ ಪಕ್ಕೆಯ ಕೆಳಗೆ ಹೆಬ್ಬೆರಳು ಕೂರುವಷ್ಟು ಗುಳಿ. ಹೊಟ್ಟೆ ಮೇಲಕ್ಕೆ ಎಗರುತ್ತಿತ್ತು. ಹಾರುವುದು ಎಂಬುದಕ್ಕಿಂತ ಸರಿಯಾದ ಪದ ಇಂಗ್ಲಿಷಿನಲ್ಲೂ ಇಲ್ಲ. ಅಜ್ಜಿ ಹೇಗೆ ಗುರುತು ಹಿಡಿದಳೆಂದು ಆಗ ತಿಳಿಯಿತು. ಅವಳು ಇದನ್ನು ಮೊದಲೊಮ್ಮೆ ಕೊನೆಯವರೆಗೂ ನೋಡಿದ್ದಳು.

"ಬರೆ ಏನಾದ್ರೂ ಹಾಕ್ಸಿದೀರಾ?" ಡಾಕ್ಟರು ಕೇಳಿದರು.

"ಇಲ್ಲ, ನಾನೇ ಬಿಡ್ಲಿಲ್ಲ."

"ಒಳ್ಳೇ ಕೆಲ್ಸ. ಹೀಗೆ ಎಳೀತಿರೋದು ಯಾವಾಗಿಂದ?"

ಅಕ್ಕ ನನ್ನ ಮುಖ ನೋಡಿದಳು. ಅಜ್ಜಿ ಬಾಗಿಲ ಹತ್ತಿರ ಮಗುವಿನ ಟೋಪಿ ಹಿಡಿದು ನಿಂತಿದ್ದಳು.

"ಇವತ್ತು ಬೆಳಗ್ಗೆಯಿಂದ," ಎಂದೆ.

ಅಜ್ಜಿ ಟೋಪಿಯನ್ನು ಸೆರಗಿನೊಳಗೆ ಸುತ್ತಿಕೊಂಡಳು.

ಆರು ದಿನ ಮೂಗಿಗೆ ಆಕ್ಸಿಜನ್, ಹಾಲಿಗೂ ನಳಿಕೆ. ಎದೆಯಲ್ಲಿ ಹಾಲು ಕಟ್ಟಿ ಅಕ್ಕನಿಗೆ ಜ್ವರ ಬಂತು. ಮೂರನೆಯ ದಿನ ಡಾಕ್ಟರು ಕುಣಿಗಲ್‌ನಿಂದ ಬಂದಿದ್ದ ಭಾವನನ್ನು ಕರೆದು, ಏನೂ ಹೇಳೋಕಾಗಲ್ಲ ಎಂದರು. ಕಾರಿಡಾರಿನಲ್ಲಿ ನಾನು ಅವರನ್ನು ಹಿಡಿದು, ಒಂದು ದಿನ ಮೊದಲೇ ಬಂದಿದ್ದರೆ ಎಂದು ಸುಮ್ಮನೆ ಊಹೆಗೆಂಬಂತೆ ಕೇಳಿದೆ. "ಇಷ್ಟು ಸುಸ್ತಾಗ್ತಿರ್ಲಿಲ್ವೇನೋ," ಎಂದು ನಡೆದರು.

ಮಗು ಉಳಿಯಿತು, ವರ್ಷ ದಾಟಿತು. ಆದರೆ ನೆಗಡಿಯಾದಾಗಲೆಲ್ಲ ಎದೆ ಸುಯ್‌ಗುಡುತ್ತದೆ. ಪಕ್ಕೆ ಎಳೆದರೆ ಎಲ್ಲೂ ನಿಲ್ಲದೆ ನೇರ ತುಮಕೂರಿಗೇ ತನ್ನಿ ಎಂದಿದ್ದಾರೆ ಡಾಕ್ಟರು. ಅಜ್ಜಿ ಅಂದಿನಿಂದ ಮಗುವಿಗೆ ನೀರು ಹಾಕಿಲ್ಲ. ಏನು ಕೇಳಿದರೂ, "ಓದ್ದೋರು ನೀವು, ನಂಗೇನ್ ಗೊತ್ತು ಬುಡು," ಎನ್ನುತ್ತಾಳೆ. ಅಜ್ಜಿಗೂ ಬುದ್ಧಿ ಬಂತು ಎಂದು ಮನೆಯವರು ಇದನ್ನೂ ನನ್ನ ಗೆಲುವಿಗೇ ಸೇರಿಸಿದ್ದಾರೆ.

ಕಳೆದ ವಾರ ಅಜ್ಜಿಯೂ ನಾನೂ ಕುಣಿಗಲ್‌ಗೆ ಅಕ್ಕನ ಮನೆಗೆ ಹೋದಾಗ ಮಗುವಿಗೆ ಮತ್ತೆ ಕೆಮ್ಮು. ಅಂಗಿ ಬಿಚ್ಚಿ, ಕಿಟಕಿಯ ಬೆಳಕಲ್ಲಿ ಮಲಗಿಸಿ, ಮೊಬೈಲ್ ನೋಡುತ್ತ ಒಂದು ನಿಮಿಷ ಉಸಿರು ಎಣಿಸಿದೆ. ಅವಳು ಹೊರಳಿದಳು, ಎಣಿಕೆ ತಪ್ಪಿತು. ಮತ್ತೆ ಎಣಿಸಿದೆ, ಮತ್ತೆ ತಪ್ಪಿತು. ಅದು ಗುಳಿಯೋ, ಬರೀ ನೆರಳೋ? ಭಾವ ಗಾಡಿಯ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದ. ಇಲ್ಲೇ ತೋರಿಸುವುದೋ, ತುಮಕೂರಿಗೋ?

ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಮೊರವನ್ನು ಪಕ್ಕಕ್ಕೆ ಸರಿಸಿ, ಬರಿ ಮೈಯ ಮಗುವನ್ನು ಆ ಕಾಲುಗಳ ಮೇಲೆ ಮಲಗಿಸಿದೆ. ಅವಳ ಕೈ ನಿಂತಿತು.

"ನೋಡಿ ಹೇಳಜ್ಜಿ," ಎಂದೆ. "ಪಕ್ಕೆ ಹಾರ್ತಾ ಐತಾ?"