ಫೈರ್ ಸಾಹೇಬರು ಕೇಳುತ್ತಿದ್ದ ಪ್ರಶ್ನೆ

ಹೋದ ವಾರ ಮಗಳ ಶಾಲೆಯಲ್ಲಿ ಅಗ್ನಿಶಾಮಕ ದಳದವರು ಭೂಕಂಪದ ಅಣಕು ಪ್ರದರ್ಶನ ಇಟ್ಟುಕೊಂಡಿದ್ದರು. ಎಲ್ಲ ಮುಗಿದ ಮೇಲೆ ಕ್ಯಾನ್ವಾಸ್ ಪೈಪುಗಳನ್ನು ಮೈದಾನದಲ್ಲಿ ಬಿಸಿಲಿಗೆ ಹಾಸಿದರು. ಒದ್ದೆ ಕ್ಯಾನ್ವಾಸ್ ಒಣಗುವಾಗ ಒಂದು ಮುಗ್ಗಲು ವಾಸನೆ ಬರುತ್ತದೆ. ಅದು ಮೂಗಿಗೆ ಬಡಿದದ್ದೇ ತಡ, ನಮ್ಮ ಬೀದಿಯ ಫೈರ್ ಸಾಹೇಬರು ನೆನಪಾದರು. ಅವರ ಕಾಂಪೌಂಡಿನ ಮೇಲೆ ಅಂಥದ್ದೇ ಒಂದು ಹಳೇ ಪೈಪಿನ ತುಂಡು ಸದಾ ಒಣಗುತ್ತಿತ್ತು. ಗಿಡಕ್ಕೆ ನೀರು ಬಿಡುವುದೂ ಅದರಲ್ಲೇ. ಅರ್ಧ ನೀರು ಗಿಡಕ್ಕೆ, ಉಳಿದರ್ಧ ತೂತುಗಳಿಂದ ದಾರಿಹೋಕರಿಗೆ.

ಹರಿಹರದ ಅಗ್ನಿಶಾಮಕ ಠಾಣೆಯಲ್ಲಿ ನಿವೃತ್ತರಾಗಿ ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಬೀದಿಗೆ ಬಂದಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸರ್ವಿಸು ಮುಗಿದಿದ್ದರೂ ಧ್ವನಿ ಮಾತ್ರ ನಿವೃತ್ತಿಯಾಗಿರಲಿಲ್ಲ. ಬೈಕನ್ನು ಗೇಟಿಗೆ ಅಡ್ಡ ನಿಲ್ಲಿಸಿದವರಿಗೆಲ್ಲ ಬೈಗುಳ ಕಟ್ಟಿಟ್ಟ ಬುತ್ತಿ. ನಾನಾಗ ಕೆಲಸಕ್ಕೆ ಸೇರಿದ ಹೊಸತು. ಬೆಳಿಗ್ಗೆ ಅವರ ಕಣ್ಣಿಗೆ ಬೀಳದೆ ಸ್ಕೂಟಿ ಹೊರಗೆ ತೆಗೆಯುವುದೇ ಒಂದು ವಿದ್ಯೆಯಾಗಿತ್ತು...

ಸರ್ವಿಸಿನಲ್ಲಿದ್ದಾಗ ಒಮ್ಮೆ ಬೇರೆ ರಾಜ್ಯದಲ್ಲಿ ಭೂಕಂಪವಾಗಿ ಅವರ ತಂಡವನ್ನು ಅಲ್ಲಿಗೆ ಕಳಿಸಿದ್ದರಂತೆ. ಅದರ ಬಗ್ಗೆ ಅವರು ಹೆಚ್ಚು ಹೇಳುತ್ತಿರಲಿಲ್ಲ. ಒಮ್ಮೆ ನಮ್ಮ ಪಡಸಾಲೆಯಲ್ಲಿ ಕೂತು ಅಮ್ಮನ ಮುಂದೆ ಇಷ್ಟು ಹೇಳಿದ್ದರು: "ಮಷೀನು ಬಂದ್ವು, ನಾಯಿ ಬಂದ್ವು, ನಾವೂ ಹೋದ್ವಿ. ಎಲ್ಲಿ ಅಗೀಬೇಕು ಅಂತ ಹೇಳೋರೇ ಇರ್ಲಿಲ್ಲ ತಂಗೀ. ಮನೆಯೋರು ಕೆಳಗಿದ್ರು. ಪಕ್ಕದ ಮನೆಯೋರಿಗೆ ಗೊತ್ತಿರ್ಲಿಲ್ಲ."

ಅಲ್ಲಿಂದ ಅವರಿಗೆ ಹಿಡಿದದ್ದು ಒಂದೇ ಹುಚ್ಚು. ಬೀದಿಯಲ್ಲಿ ಯಾರ ಮನೆಯಲ್ಲಿ ಯಾರು ಎಲ್ಲಿ ಮಲಗುತ್ತಾರೆ ಎಂಬುದು ಪಕ್ಕದ ಮನೆಯವರಿಗೆ ಗೊತ್ತಿರಬೇಕು. ದೊಡ್ಡ ಭೂಕಂಪವಾದರೆ ಹರಿಹರದ ಹೊಳೆ ಸೇತುವೆಯೇ ನಿಲ್ಲುತ್ತದೋ ಇಲ್ಲವೋ, ಆ ಕಡೆಯ ಊರುಗಳಿಂದ ಗಾಡಿ ಬರುವುದು ಯಾವಾಗಲೋ, ಅಲ್ಲಿಯವರೆಗೆ ಎಳೆದು ತೆಗೆಯಬೇಕಾದವರು ನಾವೇ ಎನ್ನುವುದು ಅವರ ವಾದ. ದಾವಣಗೆರೆಯಲ್ಲಿ ಭೂಮಿ ಎಲ್ಲಿ ನಡುಗುತ್ತದೆ ಎಂದು ಜನ ನಗುತ್ತಿದ್ದರು. ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಜೀವನವಿಡೀ ನೋಡಿದ್ದೇನೆ ಎಂದು ಅವರು ಗದರುತ್ತಿದ್ದರು.

ಆದರೆ ಕೇಳುವುದು ಸುಲಭವಿರಲಿಲ್ಲ. ನಮ್ಮ ಕಡೆ ಬಂದವರನ್ನು ಪಡಸಾಲೆಯಲ್ಲಿ ಕೂಡಿಸಿ ಚಹಾ ಕೊಡುತ್ತೇವೆ. ಎಷ್ಟು ವರ್ಷದ ಬಳಕೆಯಿದ್ದರೂ ಮಲಗುವ ಕೋಣೆ ತೋರಿಸುವುದಿಲ್ಲ. ಒಬ್ಬ ಗಂಡಸು ಬಾಗಿಲಲ್ಲಿ ನಿಂತು ನೀವು ಎಲ್ಲಿ ಮಲಗುತ್ತೀರಿ ಎಂದು ಕೇಳಿದರೆ ಏನಾಗಬೇಕೋ ಅದೇ ಆಯಿತು. ಎರಡು ಮನೆಯವರು ಮಾತು ಬಿಟ್ಟರು. ಗಾದಿ ಅಂಗಡಿಯವರ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದರು. ಮೊಮ್ಮಕ್ಕಳು ಉರ್ದುವಿನಲ್ಲಿ ಅಜ್ಜಿಯನ್ನು ಕರೆಯುವಂತೆ ಬೀದಿಗೆಲ್ಲ ಅವರು ದಾದಿ. ಒಳಗೆ ಹೆಣ್ಣುಮಕ್ಕಳು ಇರುತ್ತಾರೆ, ತಪ್ಪು ತಿಳ್ಕೋಬ್ಯಾಡ್ರಿ ಎಂದು ಅವರ ಮಗ ಕೈಮುಗಿದ. ಸಾಹೇಬರ ಚಿಂತೆಯೆಲ್ಲ ಆ ದಾದಿಯದೇ ಆಗಿತ್ತು. ಕೊನೆಗೆ ಅಮ್ಮ ದಾರಿ ಹುಡುಕಿದಳು. ಹೆಂಗಸರು ಹೆಂಗಸರ ಮನೆಗೆ ಹೋಗಿ ನೋಡಿಕೊಂಡು ಬರುವುದು. ಹೀಗೆ ಒಂದು ತಿಂಗಳಲ್ಲಿ ಬೀದಿಯ ಒಳಕೋಣೆಗಳೆಲ್ಲ ಒಬ್ಬರಿಗಲ್ಲ ಒಬ್ಬರಿಗೆ ಗೊತ್ತಾದವು.

ಅದಾದ ಮೇಲೆ ಸಾಹೇಬರು ಭೂಕಂಪದ ತಾಲೀಮು ಶುರುಮಾಡಿದರು. ಮೊದಲನೆಯದು ಏಪ್ರಿಲಿನಲ್ಲಿ, ಬೆಳಿಗ್ಗೆ ಹತ್ತರ ಸುಮಾರಿಗೆ. ಸಾಹೇಬರು ಸೀಟಿ ಊದಿದರು. ಜನ ಗ್ಯಾಸ್ ಆರಿಸಿ, ಬೀಗ ಹಾಕಿ, ಬೀಗ ಜಗ್ಗಿ ನೋಡಿ, ಚಪ್ಪಲಿ ಮೆಟ್ಟಿಕೊಂಡು ಬಯಲಿಗೆ ಬಂದರು. ಬಂದವರೆಲ್ಲ ಎಲ್ಲಿ ನಿಂತರು? ನೀರಿನ ಓವರ್‌ಹೆಡ್ ಟ್ಯಾಂಕಿನ ಕೆಳಗೆ. ನಮ್ಮೂರಿನ ಏಪ್ರಿಲ್ ಬಿಸಿಲು ಬಲ್ಲವರು ನಮ್ಮನ್ನು ಬೈಯಲಾರರು. ಸಾಹೇಬರು ಮಾತ್ರ ಸೀಟಿ ಕೆಳಗೆ ಹಾಕಿ ತಲೆ ಹಿಡಿದುಕೊಂಡರು.

"ನೆರಳು ಬೇಕಾಗಿತ್ತೇನ್ರಿ? ಭೂಮಿ ನಡುಗಿದ್ರೆ ಮೊದ್ಲು ಬೀಳೋದೇ ಈ ಟ್ಯಾಂಕು. ನಡೀರಿ ಬಿಸಿಲಿಗೆ."

ಎರಡನೆಯ ಸಲ ದಾದಿಯನ್ನೂ ತರಬೇಕೆಂದು ಹಟ ಹಿಡಿದರು. ಅಮ್ಮ ಮತ್ತು ಮೂವರು ಹೆಂಗಸರು ಸೀದಾ ಆ ಕೋಣೆಗೆ ಹೋಗಿ, ಗಾದಿಯ ನಾಲ್ಕು ಮೂಲೆ ಹಿಡಿದು ದಾದಿಯನ್ನು ಹೊರಗೆ ತಂದರು. ದಾದಿ ಬೀದಿ ನೋಡಿ ವರ್ಷಗಳಾಗಿದ್ದವು. ಯಾರ ಮನೆಗೆ ಬಣ್ಣ ಹೊಡೆಸಿದ್ದಾರೆ, ಯಾರು ಮಹಡಿ ಕಟ್ಟಿಸಿದ್ದಾರೆ ಎಂದು ಎಲ್ಲ ವಿಚಾರಿಸಿದರು. ಸಾಹೇಬರು ತರಿಸಿದ್ದ ಮಂಡಕ್ಕಿ ಮೆಣಸಿನಕಾಯಿಯಲ್ಲಿ ತಮ್ಮ ಪಾಲು ಕೇಳಿ ತಿಂದರು. ಒಳಗೆ ಹೊತ್ತೊಯ್ಯುವಾಗ ಅವರು ಕೇಳಿದ್ದು ಇವತ್ತಿಗೂ ಬೀದಿಯಲ್ಲಿ ಮಾತಾಗಿ ಉಳಿದಿದೆ: "ಸಾಹೇಬ್ರೇ, ಮುಂದಿನ ಭೂಕಂಪ ಯಾವಾಗ್ರಿ?" ಸಾಹೇಬರು ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ.

ಭೂಕಂಪ ಬರಲಿಲ್ಲ. ಮಾರನೇ ವರ್ಷ ಒಂದು ದಿನ ಬಿಸಿಲೇರಿದರೂ ಸಾಹೇಬರ ಬಾಗಿಲು ತೆಗೆಯಲಿಲ್ಲ. ಪೇಪರು ಗೇಟಿನಲ್ಲೇ ಇತ್ತು. ಅಮ್ಮ ಕೂಗಿದಳು. ಒಳಗಿನಿಂದ ಸಣ್ಣಗೆ ನರಳಿದ ಹಾಗಾಯಿತು. ಅವರೇ ಕಲಿಸಿದಂತೆ ಒಬ್ಬರು ಆಂಬುಲೆನ್ಸಿಗೆ ಫೋನ್ ಮಾಡಿದರು, ಇನ್ನೊಬ್ಬರು ದಾರಿಗೆ ಅಡ್ಡವಿದ್ದ ಬೈಕುಗಳನ್ನು ಸರಿಸಿದರು, ಗಾದಿ ಅಂಗಡಿಯ ಮಗ ಹಾರೆ ತಂದು ಬಾಗಿಲು ಮೀಟಿದ. ನಾವು ಮಲಗುವ ಕೋಣೆಗೆ ಓಡಿದೆವು. ಮಂಚದ ಮೇಲೆ ಅವರ ಹೆಂಡತಿಯ ಮಡಿಸಿಟ್ಟ ಸೀರೆಗಳಿದ್ದವು, ಅವರಿರಲಿಲ್ಲ. ಬಚ್ಚಲು ನೋಡಿದೆವು, ಹಿತ್ತಲು ನೋಡಿದೆವು, ಮಹಡಿ ಹತ್ತಿ ಇಳಿದೆವು. ನರಳುವುದು ನಿಂತುಹೋಗಿತ್ತು. ಬಂದ ಆಂಬುಲೆನ್ಸಿನವನು ಪೇಷಂಟ್ ಎಲ್ಲಿ ಎಂದು ಕೇಳಿದಾಗ ಇಡೀ ಬೀದಿ ಒಬ್ಬರ ಮುಖ ಒಬ್ಬರು ನೋಡಿತು.

ಅಡುಗೆಮನೆಯ ಬಾಗಿಲ ಹಿಂದೆ, ಅಕ್ಕಿ ಡಬ್ಬದ ಪಕ್ಕ ಚಾಪೆಯ ಮೇಲಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಮೊದಲೇ ಸಿಕ್ಕಿದ್ದರೆ ಉಳಿಯುತ್ತಿದ್ದರೋ ಏನೋ, ಡಾಕ್ಟರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಹೆಂಡತಿ ಹೋದ ಮೇಲೆ ಆ ಮಂಚದ ಮೇಲೆ ಅವರು ಒಂದು ದಿನವೂ ಮಲಗಿರಲಿಲ್ಲವೆಂದು ಕರ್ಮಕ್ಕೆ ಬಂದ ಅವರ ಅಕ್ಕ ಹೇಳಿದರು. ದೀಪದ ಬುಡದಲ್ಲೇ ಕತ್ತಲೆ ಎಂದು ಯಾರೋ ಅಂದರು. ಅಮ್ಮನಿಗೆ ಸಿಟ್ಟು ಬಂತು. "ಅವ್ರು ಬೀದಿಗೆಲ್ಲ ಕೇಳಿದ್ರು. ಅವ್ರಿಗೆ ನಾವ್ಯಾರು ಕೇಳಿದ್ವಿ?" ಎಂದಳು.

ಇದೆಲ್ಲ ಆಗಿ ಹತ್ತು ಹನ್ನೆರಡು ವರ್ಷಗಳಾದವು. ದಾದಿಯೂ ಇಲ್ಲ... ಸಾಹೇಬರಿದ್ದ ಮನೆಗೆ ಈಚೆಗೆ ಹರಿಹರದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬಾತ ಬಾಡಿಗೆಗೆ ಬಂದಿದ್ದಾನೆ, ಒಬ್ಬನೇ. ಅವನ ಸಾಮಾನು ಇನ್ನೂ ಟೆಂಪೋದಿಂದ ಇಳಿಯುತ್ತಿರುವಾಗಲೇ ಅಮ್ಮ ಹೋಗಿ, ಎಲ್ಲಿ ಮಲಗ್ತೀಯಪ್ಪಾ ಎಂದು ಕೇಳಿದಳು. ಅವನು ಗಾಬರಿಯಾಗಿ ನನ್ನ ಮುಖ ನೋಡಿ, ಒಳಕೋಣೆಯ ಕಡೆ ಕೈ ತೋರಿಸಿದ. ಅಮ್ಮ ಅವನ ಮಾತು ನಂಬದೆ ಒಳಗೆ ಹೋಗಿ ಹಾಸಿಗೆ ನೋಡಿಕೊಂಡು ಬಂದಳು. ಬರುವಾಗ ಅಡುಗೆಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು.