ಕವೆಗೋಲಿನ ಮೇಲೆ ಎಡಗಾಲು

ಹಸುವಿಗೆ ಹುಲ್ಲು ಹೊತ್ತು ಬರುವಾಗ ಗದ್ದೆಯ ಬದುವಿನ ಮೇಲೆ ಜಾರಿ ನನ್ನ ಎಡಗಾಲು ಮುರಿಯಿತು. ಅಂದಿನಿಂದ ಬಿಳಿಗೆರೆಯ ನಮ್ಮ ಮನೆಯಲ್ಲಿ ಅತ್ತೆ ನನ್ನನ್ನು ಹಸಿ ಬಾಣಂತಿಗಿಂತ ಹೆಚ್ಚಾಗಿ ನೋಡಿಕೊಂಡರು. ಊಟ, ನೀರು, ಬಾಚಣಿಗೆ, ಎಲ್ಲ ಮಂಚಕ್ಕೇ ಬರುತ್ತಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಅಷ್ಟೇ. ನಾನು ಕಾಲು ಕೆಳಗಿಟ್ಟರೆ ಸಾಕು, ಕೊಟ್ಟಿಗೆಯಿಂದ ಓಡಿ ಬರುತ್ತಿದ್ದರು.

"ಅಯ್ಯೋ, ಬ್ಯಾಡ ಕಣವ್ವಾ! ಮೂಳೆ ಇನ್ನೂ ಅಸಿ ಅದೆ. ಮನಿಕೊ."

ಮೊದಮೊದಲು ಹಾಯಾಗಿತ್ತು, ಸುಳ್ಳೇಕೆ ಹೇಳಲಿ? ಸೊಸೆಯರಿಗೆ ಇಂಥ ಯೋಗ ಎಲ್ಲಿ ಬರುತ್ತೆ! ಆಮೇಲೆ ಅವರ ಭಯ ನನಗೂ ಅಂಟಿತು. ನೆಲ ನೋಡಿದರೆ ಎದೆ ಡವಡವ ಅನ್ನುತ್ತಿತ್ತು. ಕಾಲು ಸೊರಗಿ ಕೋಲಾಯಿತು.

ನಂಜನಗೂಡಿನ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. "ಮುರಿದದ್ದು ಕೂಡಿದೆಯಮ್ಮ. ಆದರೆ ಮಲಗಿ ಮಲಗಿ ಮೂಳೆ ತೆಳ್ಳಗಾಗಿದೆ. ಅದಕ್ಕೆ ಭಾರ ಬೀಳಬೇಕು. ಮೂಳೆಯೊಳಗೂ ನರಗಳಿವೆ. ನೀವು ಸದಾ ಹೆದರಿಕೊಂಡಿದ್ದರೆ ಅವೂ ಬಿಗಿಯಾಗಿ, ಮೂಳೆ ಕಟ್ಟೋ ಕೆಲಸ ಕುಂಠಿತ ಆಗುತ್ತೆ, ಕರಗೋದು ಹೆಚ್ಚುತ್ತೆ. ಕೂತಲ್ಲೇ ಪಾದ ಅದುಮೋದರಿಂದ ಶುರು ಮಾಡಿ. ಇಲ್ಲದಿದ್ದರೆ ಇನ್ನೊಂದು ಸಣ್ಣ ಏಟಿಗೇ ಮುರಿಯುತ್ತೆ."

ಪಕ್ಕದಲ್ಲಿದ್ದ ಅತ್ತೆಯ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು. ನಿಮ್ಮ ಉಪಚಾರವೇ ನನ್ನ ಮೂಳೆ ತಿಂದಿತು ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಮನೆಗೆ ಮರಳುವ ಆಟೋದಲ್ಲಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ತಗಡೂರಲ್ಲಿ ನಮ್ಮಕ್ಕನೂ ಇಂಗೇ ಕಾಲು ಮುರ್ಕೊಂಡಿದ್ಲು. ಬ್ಯಾಗ ಎದ್ದು ಓಡಾಡಕ್ಕೋಗಿ ತಿರ್ಗ ಬಿದ್ಲು. ಆಮೇಕೆ ಏಳ್ನೇ ಇಲ್ಲ ಕಣವ್ವ."

ಪಾಪ ಅನ್ನಿಸಿತು. ಇಷ್ಟು ದಿನ ಆ ಜೀವ ನನ್ನ ಮಂಚದ ಮೇಲೆ ತನ್ನ ಅಕ್ಕನನ್ನೇ ಕಾಣುತ್ತಿತ್ತಲ್ಲ! ಅವರ ಕೈ ಹಿಡಿದುಕೊಂಡೆ.

ಮನೆಗೆ ಬಂದವಳೇ ಗೋಡೆ ಹಿಡಿದು ಅಡುಗೆಮನೆಗೆ ಹೋಗಿ ಮಣೆಯ ಮೇಲೆ ಕೂತೆ. "ಇವತ್ತು ಹಿಟ್ಟು ನಾನು ತೊಳಸ್ತೀನಿ, ಅತ್ತೆ."

ನಮ್ಮ ಕಡೆ ರಾಗಿಹಿಟ್ಟು ತೊಳಸುವುದು, ಅಂದರೆ ಮುದ್ದೆಗೆ ಹಿಟ್ಟು ತಿರುವುವುದು, ಬರೀ ಕೈಕೆಲಸವಲ್ಲ. ಒಲೆಯಿಂದ ಇಳಿಸಿದ ಪಾತ್ರೆ ಅಲ್ಲಾಡದಂತೆ ಕಂಠಕ್ಕೆ ಕವೆಗೋಲು ಕೊಟ್ಟು, ಅದರ ಎರಡು ಕವಲನ್ನೂ ಎರಡು ಪಾದದಲ್ಲಿ ಅದುಮಿ ಹಿಡಿಯಬೇಕು. ಆಗಲೇ ಹಿಟ್ಟಿನಲ್ಲಿ ದೊಣ್ಣೆ ತಿರುಗುವುದು.

ಅತ್ತೆ ಬೇಡವೆನ್ನಲು ಬಾಯಿ ತೆರೆದರೂ, ಪಾತ್ರೆ ಇಳಿಸಿಕೊಟ್ಟು ನನ್ನ ಬೆನ್ನ ಹಿಂದೆ ನಿಂತು ಭುಜ ಹಿಡಿದರು. ನಾನು ದೊಣ್ಣೆ ಹಾಕಿದೆ. ಎಡಗಾಲು ಸೋತಿತು, ಪಾತ್ರೆ ವಾಲಿತು.

"ಅದುಮವ್ವ," ಅಂದರು ಅತ್ತೆ. "ಎಡಗಾಲ್ನೂ ಅದುಮು. ನಾನಿವ್ನಿ."

ಅದುಮಿದೆ. ಹಿಮ್ಮಡಿಯಿಂದ ಮೊಣಕಾಲವರೆಗೆ ನೋವು ಛಳ್ಳೆಂದಿತು. ಕಾಲು ಮಾತ್ರ ಕದಲಲಿಲ್ಲ.

ಮುದ್ದೆಯ ತುಂಬ ಗಂಟು. ಒಂದೇ ಒಂದು ಗಂಟು ಸಿಕ್ಕರೂ ತಟ್ಟೆ ತಳ್ಳಿ ನನ್ನ ತವರನ್ನೆಲ್ಲ ಜಾಲಾಡುವ ಅತ್ತೆ, ಅವತ್ತು ಒಂದು ತುತ್ತೂ ಬಿಡದೆ ಉಂಡರು. ಕೈ ತೊಳೆದು ಬಂದವರು ಕವೆಗೋಲನ್ನು ಒರೆಸಿ, ನನ್ನ ಮಂಚದ ಪಕ್ಕದಲ್ಲೇ ಒರಗಿಸಿಟ್ಟರು.

"ನಾಳಿಕೂ ನೀನೇ ತೊಳಸು."